ಎರಡು ಭಾಷೆಗೊಂದು ಸೇತುವೆ

ಮಡಗಾಸ್ಕರಿನ ಮಲಗಾಸಿ ಭಾಷೆಯ ದಿನಬಳಕೆಯ ಮಾತುಗಳನ್ನು ಸ್ಪೇನ್ ಕಡೆಯ ಬಾಸ್ಕ್ ಭಾಷೆಗೆ ತಂದ ಕೈಪಿಡಿಯ ಬಿಡುಗಡೆ ಅಂದು. ಎರಡೂ ನಾಡನ್ನು ಕನಸಿನಲ್ಲೂ ಕಾಣದೆ ಅದನ್ನು ಬರೆದಿದ್ದ ಪಂಡಿತರು, ಹೊತ್ತು ನೆತ್ತಿಗೇರಿ ಇಳಿದರೂ ಮೈಕು ಬಿಟ್ಟಿರಲಿಲ್ಲ. ಅವರ ಆಚೀಚೆ, ಊರಿನ ಕಾಲೇಜಿಗೆ ಓದಲು ಬಂದಿದ್ದ ಮಡಗಾಸ್ಕರಿನ ಹುಡುಗಿ ಮತ್ತು ಬಾಸ್ಕ್ ಹುಡುಗ ಹಾರ ಹಾಕಿಸಿಕೊಂಡು ಕೂತಿದ್ದರು.

"ನಾನೊಬ್ಬ ಇಲ್ದೇ ಹೋಗಿದ್ರೆ, ಇವರಿಬ್ಬರಿಗೆ ಊಟ ಆಯ್ತಾ ಅಂತ ಕೇಳಿಕೊಳ್ಳೋಕೂ ಗತಿ ಇರ್ತಿರಲಿಲ್ಲ!"

ಚಪ್ಪಾಳೆ ಬಿತ್ತು. ಪಂಡಿತರು ಕಣ್ಣುಮುಚ್ಚಿ ಅದನ್ನು ಸವಿದು, ಹೆಗಲ ಶಾಲು ಸರಿಮಾಡಿಕೊಂಡು, ಮೈಕನ್ನು ಹುಡುಗಿಯ ಮುಂದೆ ಹಿಡಿದರು.

"ನಿನ್ನ ಭಾಷೇಲೇ ಕೇಳಮ್ಮಾ. ಅವನಿಗೆ ನಾನು ತಿಳಿಸ್ತೀನಿ."

ಹುಡುಗಿ ಪಂಡಿತರನ್ನು ದಾಟಿ ಹುಡುಗನತ್ತ ಬಗ್ಗಿ ಕನ್ನಡದಲ್ಲೇ ಕೇಳಿದಳು.

"ಊಟ ಆಯ್ತೇನೋ?"

"ಎಲ್ಲಿಂದ ಆಗ್ಬೇಕು ಮಾರಾಯ್ತಿ, ಇವರು ಭಾಷಣ ಮುಗಿಸಿದ್ರೆ ತಾನೇ!"