ಗೇಣುದ್ದ ಅಬ್ಬಲಿಗೆ

"ಅನುಮತಿ ಇಲ್ಲ" ಎಂದಿತು ಕಂಪ್ಯೂಟರು, ಮತ್ತೆ.

ಪೂರ್ಣಿಮಾ ಮೌಸನ್ನು ಕುಟ್ಟಿದಳು. "ನೋಡ್ದ್ಯಾ ಕಿಶನ? ನಿನ್ನ ಭಾವ ಬೀಗ ಹಾಕಿಟ್ಟಾರೆ. ಒಳಗೆ ಎಂತದೋ ಅದೆ."

ತಮ್ಮ ಕಿಶನ ಕಾರವಾರದ ಹಬ್ಬುವಾಡದಿಂದ ಬೆಳಗಿನ ಬಸ್ಸಿಗೇ ಅಂಕೋಲೆಗೆ ಬಂದಿದ್ದ. ಈ ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನೂ ಅವನೇ. ಭಾವನ ಹಳೆಯ ಫೈಲುಗಳಿದ್ದ ವಿಂಡೋಸ್ ಭಾಗವನ್ನು ಅಳಿಸದೆ ಹಾಗೇ ಬಿಟ್ಟಿದ್ದ; ಈಗ ತೆರೆಯದೆ ಕೂತದ್ದು ಅದೇ. ಅಕ್ಕನ ಬಟ್ಟೆಯ ಚೀಲ ಬಾಗಿಲಲ್ಲೇ ಕಾಯುತ್ತಿತ್ತು. ಗುಟ್ಟು ಹೊರಬಿದ್ದರೆ, ಗಂಡ ಸಾಯಿನಾಥ ದೋಣಿಯಿಂದ ಇಳಿಯುವುದರೊಳಗೆ ಅವಳು ತವರಿಗೆ ಹೊರಟಳೆಂದೇ ಲೆಕ್ಕ.

"ಭಾವ ಹಾಕಿದ್ದಲ್ಲ ಅಕ್ಕಾ. ಲಿನಕ್ಸ್‌ನಲ್ಲಿ ಅದು ಮೊದ್ಲಿಂದ್ಲೂ ಹಾಂಗೇ. ಕಂಪ್ಯೂಟರಿಗೆ ನೀನು ಸಾಮಾನ್ಯ ಬಳಕೆದಾರಳು."

"ಮನೇಲೂ ನಾ ಹಾಂಗೇ."

ಸಂಶಯಕ್ಕೆ ಮದ್ದಿಲ್ಲ. ಅವಳ ಸಂಶಯಕ್ಕೆ ನೀರೆರೆದದ್ದು ಒಂದು ಹೂವಿನ ದಂಡೆ. ಪ್ರತಿ ಅಮಾವಾಸ್ಯೆ ಸಾಯಿನಾಥ ಪೇಟೆಯಿಂದ ಗೇಣುದ್ದ ಅಬ್ಬಲಿಗೆ ತರುತ್ತಿದ್ದ; ಹೆಂಡತಿಗಲ್ಲ. ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ದೋಣಿ ಏರುತ್ತಿದ್ದ. ಬರುವಾಗ ಹೂವೂ ಇಲ್ಲ, ಮೀನೂ ಇಲ್ಲ. ಬಲೆ ಮನೆಯಲ್ಲೇ, ತೊಟ್ಟಿಲಿಗೆಂದು ತೊಲೆಗೆ ಹೊಡೆಸಿದ್ದ ಕೊಕ್ಕೆಯಲ್ಲಿ ತೂಗುತ್ತಿರುತ್ತಿತ್ತು. ಇವತ್ತೂ ಅಮಾವಾಸ್ಯೆ. ಇವತ್ತೂ ತೂಗುತ್ತಿತ್ತು.

"ಯಾರಿಗೆ ಹೂಗು?" ಎಂದು ಒಮ್ಮೆ ಕೇಳಿದ್ದಳು.

"ಸಮುದ್ರಕ್ಕೆ."

"ಸಮುದ್ರ ಯಾವಾಗಿಂದ ಹೂ ಮುಡೂಕೆ ಕಲೀತು?"

ಅವನು ಮುಖ ತಿರುಗಿಸಿದ್ದ. ಅವಳಿಗೆ ಅಷ್ಟು ಸಾಕಾಯಿತು.

ಕಿಶನ ತನ್ನ ಪಾಸ್‌ವರ್ಡ್ ಒತ್ತಿ, ಒಂದು ಫೈಲಿನಲ್ಲಿ ಒಂದೇ ಸಾಲು ಸೇರಿಸಿದ: ವಿಂಡೋಸ್ ಭಾಗ ಇನ್ನು ಮನೆಯ ಎಲ್ಲರಿಗೂ ತೆರೆದಿರಲಿ ಎಂದು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಈ ಸಲ ಅದು ಯಾರ ಅನುಮತಿಯನ್ನೂ ಕೇಳಲಿಲ್ಲ.

ಒಳಗೆ ಒಂದು ಫೋಲ್ಡರು. ಅದರ ಹೆಸರು 'ಸಂಧ್ಯಾ'.

"ಹೆಸರೂ ಸಿಕ್ತು." ಪೂರ್ಣಿಮಾ ಪರದೆಯ ಮೇಲೆ ಬೆರಳಿಟ್ಟಳು. "ಚಂದದ ಹೆಸ್ರೇ ಅದೆ."

"ಅಕ್ಕಾ, ಬ್ಯಾಡ. ಭಾವ ಬರ್ಲಿ, ಅವರನ್ನೇ ಕೇಳು."

"ತೆಗಿ."

ಇದ್ದದ್ದು ಒಂದೇ ಫೋಟೋ. ಸವತಿಯ ಮುಖ ನೋಡಲು ಅವಳು ಮುಂದಕ್ಕೆ ಬಾಗಿದಳು.

ದೋಣಿಯ ಹಲಗೆಯ ಮೇಲೆ, ಅವಳದೇ ಹಳದಿ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು. ಎದೆಯ ಮೇಲೆ ಗೇಣುದ್ದ ಅಬ್ಬಲಿಗೆ. ಉಸಿರಿಲ್ಲದೆ ಹುಟ್ಟಿದ್ದನ್ನು ತಾಯಿ ನೋಡಬಾರದೆಂದು, ಗಂಡೋ ಹೆಣ್ಣೋ ಎಂದೂ ಹೇಳದೆ, ಹಿರಿಯರು ಆಸ್ಪತ್ರೆಯಿಂದಲೇ ಸಾಯಿನಾಥನ ಕೈಗೆ ಕೊಟ್ಟು ಕಳಿಸಿದ್ದರು.

ಸಂಧ್ಯಾಳ ಮೂಗು ಪೂರ್ಣಿಮಾಳದೇ ಆಗಿತ್ತು.