ಮೇವಿಸ್‌ಗೊಂದು ಹಗುರ ಬಂದೂಕು

ಮೇವಿಸ್ ಬಂದೂಕನ್ನು ಭುಜಕ್ಕೇರಿಸಿದಳು. ಎರಡು ಉಸಿರಿನಷ್ಟು ಹೊತ್ತು ನೆಟ್ಟಗೆ ನಿಂತ ನಳಿಗೆ ಮೂರನೆಯದಕ್ಕೆ ವಾಲಿ ಅಡುಗೆಮನೆಯ ಮೇಜಿಗೆ ಬಡಿಯಿತು.

ರೋಗ ಅವಳ ತೋಳುಗಳನ್ನು ತಿನ್ನತೊಡಗಿದಾಗಿನಿಂದ ಗಂಡ ಡೆಲ್ಬರ್ಟ್ ಬಿಡಿಭಾಗ ತರಿಸಿ ತರಿಸಿ ಅವಳ ಆ ಸಣ್ಣ ಗುಂಡಿನ ಪಾಯಿಂಟ್ ಟೂ-ಟೂ ಬಂದೂಕನ್ನು ಹಗುರ ಮಾಡುತ್ತಲೇ ಇದ್ದ. ಉಕ್ಕಿನ ನಳಿಗೆ ಹೋಗಿ ಕಾರ್ಬನ್ ಫೈಬರ್ ನಳಿಗೆ ಬಂತು, ಮರದ ಹಿಡಿ ಹೋಗಿ ಟೊಳ್ಳು ಪ್ಲಾಸ್ಟಿಕ್ ಹಿಡಿ ಬಂತು. ವೆಸ್ಟ್ ವರ್ಜೀನಿಯಾದ ಗುಡ್ಡಗಳಲ್ಲಿ ಈ ವರ್ಷದ ಅಳಿಲು ಬೇಟೆಯ ಕಾಲ ಶನಿವಾರ ಶುರು. ನಲವತ್ತು ವರ್ಷ ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ.

"ಇನ್ನೇನ್ ಕಿತ್ ಹಾಕ್ತೀಯೋ ಮುದುಕಾ? ನಿನ್ ಹಠ ಒಂದೇ ಉಳಿದಿರೋದು."

"ಬಾಯ್ಮುಚ್ಕೊಂಡು ಇನ್ನೊಂದ್ಸಲ ಎತ್ತೇ!" ಎಂದು ರೇಗಿದ ಡೆಲ್ಬರ್ಟ್. ತೂಕ ನೋಡಲೆಂದು ಹತ್ತು ಗುಂಡು ತುಂಬಿ ಸಿಕ್ಕಿಸಿದ್ದ ಮ್ಯಾಗಜೀನನ್ನು ಕಳಚಿ ಜೇಬಿಗೆ ಹಾಕಿಕೊಂಡ. ಅವಳು ಮತ್ತೆ ಎತ್ತಿದಳು. ಖಾಲಿ ಬಂದೂಕು ಐದು ಉಸಿರು ಅಲುಗದೆ ನಿಂತಿತು.