ಸಹಾಯ ಮಾಡಬಾರದು

"ನೀನು ಪುಕ್ಕಲ ಕಣೋ. ಅದಕ್ಕೇ ಹೀಗೆ ಬೆವರ್ತಿದ್ದೀಯ."

ಇಂದಿರಾನಗರದ ಹೋಟೆಲಿನಲ್ಲಿ ಆ್ಯಪ್ ವಿನ್ಯಾಸಕಾರರ ಸಮ್ಮೇಳನ. ವೇದಿಕೆಯ ಹಿಂದೆ ಕೆಂಪರಾಜ್ ತನ್ನ ಪಾಲುದಾರ ಶ್ರೀನಿವಾಸನ ಮೇಲೆ ಹರಿಹಾಯುತ್ತಿದ್ದ. ಎಸಿ ಕೊರೆಯುತ್ತಿದ್ದರೂ ಶ್ರೀನಿವಾಸನ ಅಂಗಿ ಬೆನ್ನಿಗಂಟಿತ್ತು. ಭುಜ ನೀವಿಕೊಳ್ಳುತ್ತಲೇ ಹೇಳಿದ:

"ಆಂಬುಲೆನ್ಸ್ ಬಟನ್ ಮೊದಲನೇ ಪುಟಕ್ಕೆ ತಾ ಅಂತ ಬಡ್ಕೊಂಡೆ. ಅಲ್ಲಿ ಜಾಹೀರಾತು ತುಂಬಿದ್ದೀಯ. ಇವತ್ತು ಇಷ್ಟು ಜನರ ಮುಂದೆ ಆ್ಯಪ್ ಟೆಸ್ಟ್ ಬೇಡ ಗುರು. ನನಗೂ ಮೈ ಸರಿಯಿಲ್ಲ."

"ಆ್ಯಪ್ ಕೊಳ್ಳೋಕೆ ಬಂದಿರೋ ಆಸ್ಪತ್ರೆಯವರು ಮುಂದಿನ ಸಾಲಲ್ಲಿ ಕೂತಿದ್ದಾರೆ. ಇವತ್ತು ಒಪ್ಪಿಸದಿದ್ರೆ ಕಂಪನಿಗೆ ಬೀಗ. ನಿನ್ನ ನಾಟಕ ನೋಡ್ಕೊಂಡು ಕೂರ್ಲಾ? ಹೋಗ್ತಾ ಇರು."

ಟೆಸ್ಟಿಗೆಂದೇ ಇಟ್ಟಿದ್ದ, ಸಿಮ್ ಇಲ್ಲದ ಹಳದಿ ಕವರಿನ ಫೋನನ್ನೂ ಹಿಡಿದುಕೊಂಡೇ ಶ್ರೀನಿವಾಸ ಹೊರಟುಹೋದ. ತಿರುಗಿ ನೋಡಲಿಲ್ಲ.

ಕೆಂಪರಾಜ್ ಹಲ್ಲು ಕಚ್ಚಿಕೊಂಡು ವೇದಿಕೆ ಹತ್ತಿದ.

"ನಮ್ಮ ಆ್ಯಪನ್ನ ಮೊದಲ ಸಲ ಬಳಸೋರೊಬ್ರು ಈಗ ಬರ್ತಾರೆ, ಅವರನ್ನ ನಾನೂ ನೋಡಿಲ್ಲ. ಅವರಿಗೆ ಕೊಟ್ಟಿರೋ ಸನ್ನಿವೇಶ ಇಷ್ಟೇ: ಪಕ್ಕದಲ್ಲಿದ್ದವರು ಎದೆ ಹಿಡ್ಕೊಂಡು ಬಿದ್ದಿದ್ದಾರೆ, ಆ್ಯಪಲ್ಲಿ ಆಂಬುಲೆನ್ಸ್ ಕರೆಸಬೇಕು. ನಿಜ ಅಂದ್ಕೊಂಡೇ ಮಾಡಿ ಅಂತ ಹೇಳಿರ್ತೀವಿ. ನಮ್ಮ ಕಸುಬಿನ ನಿಯಮ ಒಂದೇ. ಬಂದವರು ಎಷ್ಟೇ ಒದ್ದಾಡಲಿ, ಸಹಾಯ ಮಾಡಬಾರದು. ನೀವೂ ಅಷ್ಟೇ."

ಬಾಗಿಲು ದಡಾರನೆ ತೆರೆಯಿತು. ನೀಲಿ ಏಪ್ರನ್ ತೊಟ್ಟ ಹೆಂಗಸೊಬ್ಬಳು ಏದುಸಿರು ಬಿಡುತ್ತ ನುಗ್ಗಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಬಿಲ್ಕೀಸ್ ಎಂದಿತ್ತು. ಕೈಯಲ್ಲಿ ಹಳದಿ ಕವರಿನ ಫೋನು. ಕೆಂಪರಾಜನಿಗೆ ನಿರಾಳವಾಯಿತು. ಮುನಿಸಿಕೊಂಡು ಹೋದರೂ ಶ್ರೀನಿವಾಸ ಟೆಸ್ಟಿನವಳ ಕೈಗೆ ಫೋನು ಕೊಟ್ಟು ಕಳಿಸಿದ್ದಾನೆ, ಕೆಲಸ ಮಾತ್ರ ಕೆಡಿಸಿಲ್ಲ.

"ಸಾಬ್, ಬಿದ್ಬಿಟ್ಟಿದ್ದಾರೆ. ನನ್ನ ಹತ್ರ ಫೋನಿಲ್ಲ, ಅವರೇ ಈ ಫೋನ್ ಕೊಟ್ಟು ನಿಮ್ಮ ಹತ್ರ ಕಳಿಸಿದ್ರು. ಆಂಬುಲೆನ್ಸ್ ಎಲ್ಲಿ ಒತ್ಬೇಕು?"

"ಎಲ್ಲಿ ಇರಬಹುದು ಅನ್ಸುತ್ತೆ ನಿಮಗೆ?"

ಅವಳು ಕಕ್ಕಾಬಿಕ್ಕಿಯಾಗಿ ಪರದೆ ಉಜ್ಜಿದಳು. ವಿಟಮಿನ್ ಮಾತ್ರೆಯ ಜಾಹೀರಾತು ಬಂತು. ಮತ್ತೆ ಉಜ್ಜಿದಳು. ಮಂಡಿನೋವಿನ ಎಣ್ಣೆ. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಅಲ್ಲಾ, ಏನೂ ಕಾಣಿಸ್ತಿಲ್ಲ. ನೀವೇ ಒತ್ತಿ ಸಾಬ್, ಕೈಮುಗೀತೀನಿ."

ಕೆಂಪರಾಜನ ಬೆರಳು ತುರಿಸಿತು. ಬಟನ್ ಎಲ್ಲಿದೆಯೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು? ತೋರಿಸಿದರೆ ಮಾತ್ರ ಮುಂದಿನ ಸಾಲಿನೆದುರು ಮಾನ ಹೋಗುತ್ತದೆ. ಕೈಯನ್ನು ಜೇಬಿಗೆ ತುರುಕಿದ.

"ನಾನಿಲ್ಲಿ ಇಲ್ಲ ಅಂದ್ಕೊಳ್ಳಿ. ನಾವಿಲ್ಲದಿದ್ರೆ ಏನು ಮಾಡ್ತಿದ್ರಿ?"

ಬಿಲ್ಕೀಸ್ ಸಭೆಯತ್ತ ತಿರುಗಿದಳು. "ಇಷ್ಟು ಜನ ಇದ್ದೀರಲ್ಲ, ಯಾರಾದ್ರೂ ಫೋನ್ ಮಾಡ್ರೀ."

ಯಾರೂ ಅಲುಗಲಿಲ್ಲ. ಕೆಲವರು ಅವಳ ಮಾತನ್ನು ಬರೆದುಕೊಂಡರು.

ಅವಳು ಫೋನನ್ನು ಕೆಂಪರಾಜನ ಕಾಲ ಬುಡಕ್ಕೆ ಎಸೆದಳು. "ನೀವು ಮನುಷ್ಯರಲ್ಲ," ಎಂದು ಓಡಿಹೋದಳು.

"ನೋಡಿದ್ರಾ? ಸಿಟ್ಟು ಬಂದ ಗ್ರಾಹಕ ಹೀಗೇ ಎದ್ದು ಹೋಗ್ತಾನೆ. ಮಧ್ಯದಲ್ಲಿ ಬಾಯಿ ಹಾಕಿದ್ದಿದ್ರೆ ಇದು ಗೊತ್ತಾಗ್ತಿತ್ತಾ?"

ಚಪ್ಪಾಳೆಗೆ ಛಾವಣಿ ನಡುಗಿತು. ಆಸ್ಪತ್ರೆಯ ಹಿರಿಯರೇ ಎದ್ದು ಬಂದು ಕೈಕುಲುಕಿದರು. "ತಪ್ಪು ತಿದ್ದಿಕೊಡಿ. ಇಷ್ಟು ಗಟ್ಟಿ ಮನಸ್ಸಿನವರೇ ನಮಗೆ ಬೇಕು."

ಇದನ್ನು ನೋಡಲು ಶ್ರೀನಿವಾಸ ಇರಬೇಕಿತ್ತು ಅನ್ನಿಸಿತು ಕೆಂಪರಾಜನಿಗೆ.

ಅಷ್ಟರಲ್ಲಿ ದೊಡ್ಡನೆಕ್ಕುಂದಿಯಿಂದ ಬಂದ ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಲ್ಲಿ ಸಂಕೋಚದಿಂದ ನಿಂತಳು.

"ಲೇಟಾಯ್ತು ಸಾರ್, ಫೋನ್ ಟೆಸ್ಟಿಗೆ ಬರೋಕೆ ಹೇಳಿದ್ರಲ್ಲ, ಮುನಿಶಾಮಮ್ಮ ನಾನೇ. ಕೆಳಗೆ ಮೆಟ್ಟಿಲ ಹತ್ರ ಜನವೋ ಜನ. ನಿಮ್ಮ ಕಂಪನಿ ಕಾರ್ಡೇ ಕೊರಳಲ್ಲಿ ಹಾಕ್ಕೊಂಡಿರೋರು ಯಾರೋ ಬಿದ್ದಿದ್ದಾರೆ. ನೀಲಿ ಏಪ್ರನ್ ಹಾಕಿರೋ ಒಬ್ರು ಅಳ್ತಾ ಅವರ ಮುಖಕ್ಕೆ ಬಟ್ಟೆ ಮುಚ್ತಿದ್ರು."